ಕೊನೆಯ ಎಲೆಗಳಿಲ್ಲದ ಪುಸ್ತಕ

ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ತಗಡಿನ ಹಳೆಯ ಟ್ರಂಕೊಂದು ಇರಬಹುದು. ಅದರಲ್ಲಿ ಅಜ್ಜನ ಕನ್ನಡಕ, ಜಮೀನಿನ ಕಾಗದಪತ್ರ, ಯಾರದೋ ಮದುವೆಯ ಕರೆಯೋಲೆ, ಎಲ್ಲಕ್ಕೂ ಅಡಿಯಲ್ಲಿ ನಾಲ್ಕಾರು ಪುಸ್ತಕಗಳು. ಆ ಪುಸ್ತಕಗಳ ಹೆಸರುಗಳನ್ನು ಈಗ ಕೇಳಿದರೆ ಥಟ್ಟನೆ ಹೇಳಬಲ್ಲಿರಾ? ಹೀಗೆ ಕೇಳುವುದರಲ್ಲಿ ನನ್ನ ಸ್ವಾರ್ಥವಿದೆ, ಮುಚ್ಚಿಡುವುದಿಲ್ಲ. ನಾನೊಂದು ಪುಸ್ತಕವನ್ನು ಹುಡುಕುತ್ತಿದ್ದೇನೆ. ಅದರ ಹೆಸರು ನನಗೆ ಗೊತ್ತಿಲ್ಲ. ಬರೆದವರು ಯಾರು, ಅಚ್ಚು ಮಾಡಿದವರು ಯಾರು, ಯಾವ ವರ್ಷ, ಒಂದೂ ಗೊತ್ತಿಲ್ಲ. ಕಥೆ ಮಾತ್ರ ಗೊತ್ತು, ಅದೂ ಮುಕ್ಕಾಲು ಪಾಲು.

ಅದು 1971ರ ಬೇಸಿಗೆ. ಬನಹಟ್ಟಿಯಲ್ಲಿ ನಮ್ಮದು ಎರಡು ಕೈಮಗ್ಗಗಳ ಮನೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳೆದವರಿಗೆ ಮಗ್ಗದ ಸದ್ದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಆ ಸದ್ದು ನಿಂತರೆ ಮನೆಯಲ್ಲಿ ಏನೋ ಆಗಿದೆಯೆಂದೇ ಅರ್ಥ. ಓಣಿಯ ತುದಿಯಲ್ಲಿ ಒಂದು ಕಿರಾಣಿ ಅಂಗಡಿ. ಅಂಗಡಿಯವರು ರದ್ದಿ ಕಾಗದದ ಪೊಟ್ಟಣಗಳಲ್ಲಿ ಸಕ್ಕರೆ, ಜೀರಿಗೆ, ಚಹಾಪುಡಿ ಕಟ್ಟಿಕೊಡುತ್ತಿದ್ದ ಕಾಲ. ಒಂದು ದಿನ ಬೆಲ್ಲ ತರಲು ಹೋದಾಗ ಅವರ ಕೈಯಲ್ಲಿ ರಟ್ಟಿಲ್ಲದ ಪುಸ್ತಕವೊಂದಿತ್ತು. ಮುಂದಿನಿಂದ ಕೆಲವು ಎಲೆ, ಹಿಂದಿನಿಂದ ಕೆಲವು ಎಲೆ ಆಗಲೇ ಪೊಟ್ಟಣವಾಗಿ ಊರೆಲ್ಲ ಹೋಗಿದ್ದವು. ಉಳಿದದ್ದರಲ್ಲಿ ಒಂದು ಚಿತ್ರ ಕಂಡಿತು: ಸಮುದ್ರದ ದಂಡೆ, ಮರಳಿನ ಮೇಲೆ ಮನೆಯಷ್ಟು ದೊಡ್ಡ ಚೆಂಡು, ಅದರ ಬಾಗಿಲಿಗೆ ಏಣಿ. ನಾನು ಓಡಿ ಮನೆಗೆ ಹೋಗಿ ಹಳೆಯ ವೃತ್ತಪತ್ರಿಕೆಗಳ ಒಂದು ಕಟ್ಟು ತಂದುಕೊಟ್ಟು, ಬದಲಿಗೆ ಆ ಪುಸ್ತಕ ಪಡೆದೆ. ಅಂಗಡಿಯವರಿಗೆ ಲಾಭದ ವ್ಯಾಪಾರವೇ ಆಯಿತು. ವೃತ್ತಪತ್ರಿಕೆಯ ಹಾಳೆ ದೊಡ್ಡದಲ್ಲವೇ!

ಪುಸ್ತಕ ನನ್ನದಾದರೂ ಕಥೆ ನಮ್ಮಿಬ್ಬರದಾಯಿತು. ಅಕ್ಕ ನನಗಿಂತ ಐದು ವರ್ಷ ಹಿರಿಯಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಕಂಡಿಕೆ ಸುತ್ತಲು ಕುಳಿತವಳು. ನೇಕಾರರ ಮನೆಯಲ್ಲದವರಿಗೆ ಒಂದು ಮಾತು: ಲಾಳಿಯ ಹೊಟ್ಟೆಯೊಳಗೆ ಹೊಕ್ಕಿನ ನೂಲು ತುಂಬಿದ ಪುಟ್ಟ ಕೊಳವೆ ಇರುತ್ತದೆ, ಅದೇ ಕಂಡಿಕೆ. ಮಗ್ಗ ನಡೆಯುವಷ್ಟು ಹೊತ್ತೂ ಯಾರಾದರೊಬ್ಬರು ರಾಟೆ ತಿರುಗಿಸಿ ಅದನ್ನು ತುಂಬುತ್ತಲೇ ಇರಬೇಕು. ಬಹುತೇಕ ಮನೆಗಳಲ್ಲಿ ಆ 'ಯಾರಾದರೊಬ್ಬರು' ಹೆಣ್ಣುಮಕ್ಕಳೇ. ಅಕ್ಕನ ಕೈ ರಾಟೆಯ ಮೇಲೆ, ಕಿವಿ ನನ್ನ ಓದಿನ ಕಡೆ. ನಾನು ಆ ಪುಸ್ತಕವನ್ನು ಅವಳಿಗೆ ಗಟ್ಟಿಯಾಗಿ ಓದಿದ್ದು ಒಂದು ಸಲವಲ್ಲ. ಏಳೆಂಟು ಸಲವಾದರೂ ಇರಬೇಕು. ಅವಳು ಓದಲಿಲ್ಲ, ಆದರೆ ಪುಸ್ತಕ ಅವಳಿಗೆ ಬಾಯಿಪಾಠವಾಯಿತು.

ಕಥೆ ಹೀಗಿತ್ತು. ಕಡಲತೀರದ ಒಂಟಿ ಮನೆಯಲ್ಲಿ ಒಬ್ಬ ಪಂಡಿತರು. ಭೂಮಿಯ ಸೆಳೆತವನ್ನೇ ತಡೆಯುವ ಒಂದು ವಸ್ತುವನ್ನು ಅವರು ಸಿದ್ಧಪಡಿಸುತ್ತಾರೆ. ಸಾಲಗಾರರಿಂದ ತಪ್ಪಿಸಿಕೊಂಡು ಅಲ್ಲಿಗೆ ಬಂದಿದ್ದ ಒಬ್ಬನು ಅವರ ಜೊತೆಗೂಡುತ್ತಾನೆ. ಕಥೆ ಹೇಳುವವನು ಅವನೇ. ಇಬ್ಬರೂ ಒಂದು ಗೋಲವನ್ನು ಕಟ್ಟಿ, ಅದರ ಮೈಗೆ ಆ ವಸ್ತುವಿನ ಪರದೆಗಳನ್ನು ಸುತ್ತಿ ಬಿಚ್ಚುವಂತೆ ಜೋಡಿಸಿ, ಚಂದ್ರನಿಗೆ ಹೋಗುತ್ತಾರೆ. ಅಲ್ಲಿ ಬೆಳಗಾದೊಡನೆ ಹೆಪ್ಪುಗಟ್ಟಿದ್ದ ಗಾಳಿ ಕರಗುತ್ತದೆ, ಬೀಜಗಳು ಬಿರಿದು ಗಿಡಗಳು ಕಣ್ಣೆದುರಿಗೇ ಆಳೆತ್ತರ ಬೆಳೆಯುತ್ತವೆ. ಚಂದ್ರನ ಹೊಟ್ಟೆಯೊಳಗಿನ ಗುಹೆಗಳಲ್ಲಿ ಇರುವೆಗಳಂತಹ ಜನ. ಅವರು ಇವರನ್ನು ಹಿಡಿದು ಸರಪಳಿ ತೊಡಿಸುತ್ತಾರೆ. ಸರಪಳಿ ಬಂಗಾರದ್ದು! ಅಲ್ಲಿ ನಮ್ಮ ಕಬ್ಬಿಣದಂತೆ ಬಂಗಾರವೇ ಅಗ್ಗ. ಸಾಲಗಾರ ಗೆಳೆಯ ತಪ್ಪಿಸಿಕೊಂಡು, ಒಂದಿಷ್ಟು ಬಂಗಾರದೊಡನೆ ಗೋಲದಲ್ಲಿ ಮರಳಿ ಬಂದು ಕಡಲದಂಡೆಗೆ ಇಳಿಯುತ್ತಾನೆ. ಪಂಡಿತರು ಅಲ್ಲೇ ಉಳಿಯುತ್ತಾರೆ.

ಈಗ ಅಕ್ಕನ ಮನಸ್ಸಿನಲ್ಲಿ ಐವತ್ತು ವರ್ಷ ನೆಟ್ಟು ನಿಂತ ಸಂಗತಿ. ಗೆಳೆಯ ಊಟಕ್ಕೆ ಹೋದಾಗ, ದಂಡೆಯಲ್ಲಿ ಬಿಟ್ಟಿದ್ದ ಗೋಲದೊಳಗೆ ಮೀನುಗಾರರ ಒಬ್ಬ ಹುಡುಗ ಕುತೂಹಲದಿಂದ ಹತ್ತಿಬಿಡುತ್ತಾನೆ. ಏನನ್ನೋ ಮುಟ್ಟುತ್ತಾನೆ. ಗೋಲ ಸರ್ರನೆ ಆಕಾಶಕ್ಕೇರಿ ಮಾಯವಾಗುತ್ತದೆ. ಗೆಳೆಯ ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಕಥೆ ಮುಂದೆ ಸಾಗಿ, ಚಂದ್ರನಿಂದ ಪಂಡಿತರು ಕಳಿಸುವ ತಂತಿಯಿಲ್ಲದ ಸಂದೇಶಗಳ ಕಡೆ ಹೊರಳುತ್ತದೆ. ಪಂಡಿತರು ಚಂದ್ರರಾಜನ ಎದುರು ನಿಂತಲ್ಲಿಗೆ ನಮ್ಮ ಪುಸ್ತಕ ಹರಿದಿತ್ತು. ಅಲ್ಲಿಗೆ ಬಂದಾಗಲೆಲ್ಲ ಅಕ್ಕ ರಾಟೆ ನಿಲ್ಲಿಸಿ ಕೇಳುತ್ತಿದ್ದಳು: "ಆ ಹುಡುಗ ಏನಾದಾ ತಮ್ಮಾ? ಅವರವ್ವ ದಂಡಿಮ್ಯಾಲೆ ಹುಡಕಾಕತ್ತಿರಬೇಕಲ್ಲ." ನಾನು ಹತ್ತು ವರ್ಷದವನು. ನನಗೆ ಬೇಕಾಗಿದ್ದುದು ಬಂಗಾರದ ಸರಪಳಿ. ಹುಡುಗನ ಚಿಂತೆ ಅವಳದು.

ಅಕ್ಕನ ಮದುವೆಯಾದಾಗ ಪುಸ್ತಕವೂ ಅವಳ ಟ್ರಂಕಿನಲ್ಲಿ ಬೀಳಗಿ ತಾಲೂಕಿನ ಒಂದು ಹಳ್ಳಿಗೆ ಹೋಯಿತು. ಬೀಳಗಿ ಕೃಷ್ಣೆ ಮತ್ತು ಘಟಪ್ರಭೆಯರ ನಡುವಿನ ಸೀಮೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಅಲ್ಲಿನ ಎಷ್ಟು ಹಳ್ಳಿಗಳನ್ನು ಎಬ್ಬಿಸಿತೆಂಬುದನ್ನು ನಮ್ಮ ಭಾಗದ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಕೆಲವರು ಸ್ವತಃ ಟ್ರ್ಯಾಕ್ಟರಿನಲ್ಲಿ ಬಾಗಿಲ ಚೌಕಟ್ಟು, ತೊಲೆ, ಕಂಬಗಳನ್ನು ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದವರೇ ಆಗಿರಬಹುದು. ಅಕ್ಕನ ಮನೆಯೂ ಹಾಗೆಯೇ ಬಿಚ್ಚಿತು. ತೊಲೆಗಳು ಬಂದವು, ಬೀಸುವ ಕಲ್ಲು ಬಂದಿತು. ಅಟ್ಟದ ಮೇಲಿದ್ದ ಪುಸ್ತಕ ಬರಲಿಲ್ಲ. ಮನೆ ಕಳೆದುಕೊಂಡವರ ಮುಂದೆ ಪುಸ್ತಕದ ಮಾತೆತ್ತುವುದು ಹೇಗೆ? ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಎತ್ತಿದ್ದು 2023ರ ಆಗಸ್ಟ್ 23ರಂದು. ಆ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಅಕ್ಕ ಈಗ ಮುಧೋಳದಲ್ಲಿ ಮಗನ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗಿದೆ, ಟಿ.ವಿ.ಯನ್ನು ಅವಳು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಏಳು ಗಂಟೆಗೆ ಫೋನು ಬಂತು. ದೇಶವೆಲ್ಲ ಹಿಗ್ಗುತ್ತಿದ್ದಾಗ ಅವಳು ಕೇಳಿದ್ದು ಇಷ್ಟೇ: "ತಮ್ಮಾ, ನಮ್ಮ ಪುಸ್ತಕದ ಕಡೀ ಹಾಳಿ ಸಿಕ್ಕರ ಹುಡುಕ. ನನಗ ಎಪ್ಪತ್ತರ ಹತ್ತರ ಬಂತು."

ಹುಡುಕಾಟ ಜಮಖಂಡಿಯಿಂದ ಶುರುವಾಯಿತು. ಹಳೆಯ ಪುಸ್ತಕಗಳು ಇರಬೇಕಾದರೆ ಅಲ್ಲೇ ಇರಬೇಕೆಂದು ನನ್ನ ಎಣಿಕೆ. ಪಟವರ್ಧನರ ಸಂಸ್ಥಾನದ ರಾಜಧಾನಿ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಊರು. ಹಳೆಯ ಮನೆಗಳ ಕಪಾಟುಗಳಲ್ಲಿ ಕನ್ನಡದ ಪಕ್ಕದಲ್ಲೇ ಮರಾಠಿ ಪುಸ್ತಕಗಳು ಇರುವುದು ಅಲ್ಲಿ ಸಾಮಾನ್ಯ. ಒಬ್ಬ ನಿವೃತ್ತ ಶಿಕ್ಷಕರು ನನ್ನ ಕಥೆ ಕೇಳಿ, "ಇದು ಮರಾಠಿಯಿಂದ ಬಂದದ್ದಿರಬೇಕು" ಎಂದು ಜಯಂತ ನಾರಳೀಕರರ ಪುಸ್ತಕಗಳನ್ನು ನನ್ನ ಮುಂದೆ ಇಟ್ಟರು. ನಾರಳೀಕರರು ಹುಟ್ಟಿದ್ದು ನಮಗೆ ದೂರವಲ್ಲದ ಕೊಲ್ಹಾಪುರದಲ್ಲಿ. ಜಗತ್ಪ್ರಸಿದ್ಧ ಖಗೋಳ ವಿಜ್ಞಾನಿಯಾಗಿದ್ದರೂ 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ, ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ ಕಥೆ ಕಳಿಸಿ ಬಹುಮಾನ ಪಡೆದವರು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ನನಗೆ ಆ ಶಿಕ್ಷಕರ ಕಪಾಟೇ ಕಣ್ಣಿಗೆ ಬಂತು. ಆದರೆ ನಮ್ಮ ಪುಸ್ತಕ ಪೊಟ್ಟಣವಾಗುತ್ತಿದ್ದುದು 1971ರಲ್ಲಿ. ಲೆಕ್ಕ ಕೂಡಲಿಲ್ಲ.

ಮತ್ತೊಬ್ಬರು ರಾಜಶೇಖರ ಭೂಸನೂರಮಠರ ಹೆಸರು ಹೇಳಿದರು. ಕನ್ನಡದಲ್ಲಿ ವಿಜ್ಞಾನ ಕಾದಂಬರಿಯೆಂದರೆ ಮೊದಲು ನೆನಪಾಗುವ ಹೆಸರು ಅದು. ಅವರ 'ಆಪರೇಷನ್ ಯು.ಎಫ್.ಓ.'ವನ್ನು ಹಿಂದೆ ಓದಿದ್ದೆ. ಅವರ ಕಲ್ಪನೆಯ ಜಾಡೇ ಬೇರೆ. 'ಕಸ್ತೂರಿ'ಯ ಹಳೆಯ ಸಂಚಿಕೆಗಳನ್ನೂ ತಿರುವಿದೆ. 1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾದ ಆ ಮಾಸಿಕದ ಕೊನೆಯಲ್ಲಿ ಒಂದಿಡೀ ಪುಸ್ತಕದ ಸಂಗ್ರಹ ಇರುತ್ತಿತ್ತಲ್ಲವೇ? ನಮ್ಮ ಕಡೆಯ ಎಷ್ಟೋ ಜನ ಜಗತ್ತಿನ ಪುಸ್ತಕಗಳನ್ನು ಕಂಡದ್ದು ಆ ಪುಟಗಳಲ್ಲೇ. ನನಗೆ ಸಿಕ್ಕ ಸಂಚಿಕೆಗಳಲ್ಲಿ ನಮ್ಮ ಕಥೆ ಇರಲಿಲ್ಲ. ಹಾಗೆಂದು ಆ ಮಧ್ಯಾಹ್ನಗಳು ವ್ಯರ್ಥವಾಗಲಿಲ್ಲ. ಎಲ್ಲ ಸಂಚಿಕೆಗಳಲ್ಲೂ ಏನಾದರೊಂದು ಓದುತ್ತ ಕುಳಿತೆ.

ಗಂಟು ಬಿಚ್ಚಿದವರು ಇಂಗ್ಲಿಷ್ ಅಧ್ಯಾಪಕರೊಬ್ಬರು. ಬಂಗಾರದ ಸರಪಳಿ ಎಂದಾಗ ಅವರು ತಲೆಯೆತ್ತಿದರು. ಗೋಲದೊಳಗೆ ಹತ್ತಿದ ಹುಡುಗ ಎಂದಾಗ ನಕ್ಕುಬಿಟ್ಟರು. "ಎಚ್.ಜಿ. ವೆಲ್ಸ್. 'ದಿ ಫಸ್ಟ್ ಮೆನ್ ಇನ್ ದಿ ಮೂನ್'." 1900-01ರಲ್ಲಿ ಲಂಡನ್ನಿನ 'ಸ್ಟ್ರ್ಯಾಂಡ್' ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ, 1901ರಲ್ಲಿ ಪುಸ್ತಕವಾಗಿ ಬಂದ ಕಾದಂಬರಿ. ನಮ್ಮ 'ಪಂಡಿತರು' ಅಲ್ಲಿ ಕೇವರ್ ಎಂಬ ವಿಜ್ಞಾನಿ. ಸಾಲಗಾರ ಗೆಳೆಯ ಬೆಡ್‌ಫರ್ಡ್. ತನ್ನ ನಾಯಕರನ್ನು 1865ರಲ್ಲೇ ತೋಪಿನ ಗುಂಡಿನೊಳಗೆ ಕೂರಿಸಿ ಚಂದ್ರನತ್ತ ಹಾರಿಸಿದ್ದ ಜೂಲ್ಸ್ ವೆರ್ನ್, ಲೋಕದಲ್ಲಿಲ್ಲದ ಲೋಹವನ್ನು ಕಲ್ಪಿಸಿಕೊಂಡು ವೆಲ್ಸ್ ಮೋಸದ ದಾರಿ ಹಿಡಿದನೆಂಬಂತೆ ಗೊಣಗಿದ್ದುಂಟು. ವೆರ್ನ್ ಹೇಳಿದ್ದರಲ್ಲಿ ನ್ಯಾಯವಿದೆ: ಗುರುತ್ವವನ್ನು ಕೊಡೆ ಹಿಡಿದು ತಡೆಯಲು ಬರುವುದಿಲ್ಲ. ಆದರೆ ತೋಪಿನಿಂದ ಹಾರಿದವರೂ ಬದುಕಿ ಉಳಿಯುತ್ತಿರಲಿಲ್ಲವೆನ್ನಿ. ನಮ್ಮ ಮನೆಗಳಲ್ಲಿ ಹೆಸರು ಕೇಳಿರಬಹುದಾದ ಕ್ರೈಸ್ತ ಲೇಖಕ ಸಿ.ಎಸ್. ಲೂಯಿಸ್, ವೆಲ್ಸ್‌ನ ವಿಚಾರಗಳನ್ನು ಒಪ್ಪದವನು; ಆದರೂ 1938ರಲ್ಲಿ ತನ್ನದೇ ಆದ ಅನ್ಯಗ್ರಹದ ಕಾದಂಬರಿ ಬರೆದಾಗ ವೆಲ್ಸ್‌ನ ಋಣವನ್ನು ಪುಸ್ತಕದ ಆರಂಭದಲ್ಲೇ ಒಪ್ಪಿಕೊಂಡ. ಇನ್ನು ಚಂದ್ರನ ಹೊಟ್ಟೆಯ ಗುಹೆ? ಅಪೋಲೊ 11 ಇಳಿದ ಸ್ಥಳದಿಂದ ಸುಮಾರು 400 ಕಿಲೋಮೀಟರ್ ದೂರದ ಒಂದು ಕುಳಿಯ ಅಡಿಯಲ್ಲಿ ಗುಹೆಯಿದೆಯೆಂಬುದಕ್ಕೆ ರಾಡಾರಿನ ಸಾಕ್ಷ್ಯವನ್ನು ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದರು. ಇರುವೆಯಂತಹ ಜನರ ಸುದ್ದಿಯಿಲ್ಲ.

ಮೂಲ ಸಿಕ್ಕಿತಲ್ಲ, ಇನ್ನೇನು ಹುಡುಕಾಟವೆಂದು ನೀವು ಕೇಳಬಹುದು. ನನ್ನ ಮಗಳೂ ಅದನ್ನೇ ಕೇಳಿದಳು. ಅವಳ ಫೋನಿನಲ್ಲಿ ಇಡೀ ಇಂಗ್ಲಿಷ್ ಕಾದಂಬರಿ ಒಂದು ನಿಮಿಷದಲ್ಲಿ, ಕಾಸಿಲ್ಲದೆ ಬಂದಿತು. ವೆಲ್ಸ್ ತೀರಿಕೊಂಡದ್ದು 1946ರಲ್ಲಿ. ನಮ್ಮ ದೇಶದ ಕಾನೂನಿನಂತೆ ಲೇಖಕನ ಮರಣಾನಂತರದ 60 ವರ್ಷಗಳು 2006ಕ್ಕೆ ಮುಗಿದು ಅವನ ಪುಸ್ತಕಗಳು ಎಲ್ಲರ ಸೊತ್ತಾಗಿವೆ. ಆ ಪುಟಗಳನ್ನು ಮುದ್ರಿಸಿಕೊಂಡು ನಾನು ಮುಧೋಳಕ್ಕೆ ಹೋದೆ. ನಾಲ್ಕು ಸಂಜೆ ಅಕ್ಕನ ಪಕ್ಕದಲ್ಲಿ ಕುಳಿತು, ಇಂಗ್ಲಿಷಿನಲ್ಲಿ ನೋಡುತ್ತ ಕನ್ನಡದಲ್ಲಿ ಹೇಳುತ್ತ ಹೋದೆ.

ಮೊದಲ ಸಂಜೆಯೇ ತಕರಾರು. ಇಬ್ಬರೂ ಗೋಲದೊಳಗೆ ಕುಳಿತು ಪ್ರಯಾಣ ಹೊರಡುವಲ್ಲಿ ಅಕ್ಕ ಕೈಯೆತ್ತಿ ತಡೆದಳು. "ಬುತ್ತಿ ಬಿಟ್ಟೆಲ್ಲ. ಪಂಡಿತರು ಕಡಕ ರೊಟ್ಟಿ, ಶೇಂಗಾದ ಹಿಂಡಿ ಕಟ್ಟಿಕೊಂಡಿದ್ರು." ನಾನು ಪುಟ ಹಿಂದೆ ಮುಂದೆ ತಿರುವಿದೆ. ವೆಲ್ಸ್‌ನ ಗೋಲದಲ್ಲಿ ಶೇಂಗಾದ ಹಿಂಡಿ ಎಲ್ಲಿಂದ ಬರಬೇಕು? ಆದರೆ ಅವಳು ಹೇಳಿದೊಡನೆ ನನಗೂ ನೆನಪು ಬಂತು. ರೊಟ್ಟಿಗಳು ತೂಕ ಕಳೆದುಕೊಂಡು ಗೋಲದೊಳಗೆ ತೇಲಾಡಿದ್ದು, ಪಂಡಿತರು ಒಂದೊಂದನ್ನೇ ಹಿಡಿದು ಮತ್ತೆ ಗಂಟಿಗೆ ಕಟ್ಟಿದ್ದು. ಓದುತ್ತ ಓದುತ್ತ ನಾವು ಅದನ್ನು ನೋಡಿ ಅದೆಷ್ಟು ನಕ್ಕಿದ್ದೆವು! ಹಾಗಾದರೆ ನಮ್ಮ ಪುಸ್ತಕ ಬರಿಯ ಭಾಷಾಂತರವಲ್ಲ. ಯಾರೋ ಒಬ್ಬರು ಆ ಕಥೆಯನ್ನು ತಮ್ಮ ಮನೆಗೆ ಕರೆತಂದು, ಉಣಿಸಿ, ನಂತರ ಚಂದ್ರನಿಗೆ ಕಳಿಸಿದ್ದರು. ಅವರು ನಮ್ಮ ಸೀಮೆಯವರೇ ಇರಬೇಕೆಂದು ನನ್ನ ನಂಬಿಕೆ. ಕಡಕ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲವೆಂದು ತಿಳಿದವರಲ್ಲದೆ ಮತ್ತ್ಯಾರು ಅದನ್ನು ಚಂದ್ರಯಾತ್ರೆಗೆ ಕಟ್ಟಿಕೊಡುತ್ತಾರೆ?

ನಾಲ್ಕನೆಯ ಸಂಜೆ ನಾವು ಎಂದೂ ಓದದಿದ್ದ ಪುಟಗಳಿಗೆ ಬಂದೆವು. ಪಂಡಿತರು ಚಂದ್ರರಾಜನಿಗೆ ಭೂಮಿಯ ಸಂಗತಿಗಳನ್ನೆಲ್ಲ ಹೇಳುತ್ತಾರೆ. ಹೇಳುತ್ತ ಹೇಳುತ್ತ ಯುದ್ಧಗಳ ವಿಷಯವನ್ನೂ ಬಾಯಿಬಿಡುತ್ತಾರೆ. ಒಂದೇ ಜಾತಿಯ ಪ್ರಾಣಿಗಳು ಒಬ್ಬರನ್ನೊಬ್ಬರು ಸಾಲು ಸಾಲಾಗಿ ಕೊಲ್ಲುವುದನ್ನು ಆ ರಾಜನಿಗೆ ನಂಬಲಾಗುವುದಿಲ್ಲ. ಅದಾದ ಮೇಲೆ ಸಂದೇಶಗಳು ತುಂಡುತುಂಡಾಗಿ, ಆ ವಸ್ತುವನ್ನು ತಯಾರಿಸುವ ವಿಧಾನವನ್ನು ಹೇಳತೊಡಗಿದಲ್ಲೇ ನಿಂತುಹೋಗುತ್ತವೆ. ಇಂತಹವರು ಮತ್ತೆ ಬರಬಾರದೆಂದು ಅವರನ್ನು ತಡೆದಿರಬೇಕೆಂಬ ಊಹೆಯೊಂದಿಗೆ ಕಥೆ ಮುಗಿಯುತ್ತದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. "ಯುದ್ಧದ ಮಾತು ಅಲ್ಲಿ ಯಾಕ ತಗೀಬೇಕಿತ್ತಂವ" ಎಂದಳು. ಆಮೇಲೆ ಕೇಳಿದಳು, "ಹುಡುಗಂದು?"

"ಬರದಿಲ್ಲಕ್ಕ. ಕಡೀ ತನಕಾ ಓದೇನಿ. ಹುಡುಗನ ಸುದ್ದಿ ಮತ್ತ ಬರೂದಿಲ್ಲ."

ಅವಳು ಒಪ್ಪಲಿಲ್ಲ. ಅವಳ ವಾದ ಹೀಗಿತ್ತು: ಇಂಗ್ಲಿಷಿನವನು ಮರೆತಿರಬಹುದು. ಆದರೆ ಪಂಡಿತರಿಗೆ ಬುತ್ತಿ ಕಟ್ಟಿದ ನಮ್ಮವರು ಆ ಹುಡುಗನನ್ನು ಆಕಾಶದಲ್ಲಿ ಹಾಗೆ ಬಿಡುವವರಲ್ಲ. ಕನ್ನಡದ ಕೊನೆಯ ಹಾಳೆಗಳಲ್ಲಿ ಏನಾದರೂ ಬರೆದೇ ಬರೆದಿರುತ್ತಾರೆ. ನಾನು ಇದಕ್ಕೆ ಏನೆಂದು ಉತ್ತರಿಸಲಿ? ಅವಳ ವಾದವನ್ನು ಅಲ್ಲಗಳೆಯಬೇಕಾದರೂ ಆ ಹಾಳೆಗಳೇ ಬೇಕು.

ಆದ್ದರಿಂದ ಹುಡುಕಾಟ ನಿಂತಿಲ್ಲ. ಹೆಸರಿಲ್ಲದ ಪುಸ್ತಕವನ್ನು ಹುಡುಕುವುದರ ಕಷ್ಟ ಸ್ವಲ್ಪ ಕೇಳಿ. ಗ್ರಂಥಾಲಯದ ಸೂಚಿಗಳೆಲ್ಲ ಹೆಸರಿನಿಂದ, ಲೇಖಕನಿಂದ ಆರಂಭವಾಗುತ್ತವೆ; ತೇಲಾಡುವ ರೊಟ್ಟಿಯಿಂದ ಆರಂಭವಾಗುವ ಸೂಚಿಯಿಲ್ಲ. 1954ರ ಕಾಯಿದೆಯ ಪ್ರಕಾರ ಪ್ರಕಾಶಕರು ತಮ್ಮ ಪ್ರತಿ ಪುಸ್ತಕವನ್ನೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಆದರೆ ಎಲ್ಲ ಸಣ್ಣ ಪ್ರಕಾಶಕರೂ ಕಳಿಸಿದರೆಂದು ಹೇಳಲಾಗದು. ಅದಕ್ಕೂ ಹಿಂದಿನದಾದರೆ, ಸಾಹಿತ್ಯ ಅಕಾಡೆಮಿಯು 1901ರಿಂದ 1953ರವರೆಗಿನ ಪುಸ್ತಕಗಳಿಗಾಗಿ ಸಿದ್ಧಪಡಿಸಿದ ರಾಷ್ಟ್ರೀಯ ಗ್ರಂಥಸೂಚಿಯಲ್ಲಿ ಕನ್ನಡದ ಭಾಗವಿದೆ. ಅದರ ಕಾದಂಬರಿ ವಿಭಾಗವನ್ನು ಬೆರಳಿಟ್ಟು ಓದುತ್ತಿದ್ದೇನೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಈಗ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಆದರೆ ಅವು ಗ್ರಂಥಾಲಯಗಳ ಕಪಾಟಿನಿಂದ ಬಂದವು. ಸಾವಿರ ಪ್ರತಿ ಅಚ್ಚಾಗಿ, ಸಂತೆಯಲ್ಲಿ ಮಾರಿ, ಮಕ್ಕಳ ಕೈಯಲ್ಲಿ ನಲುಗಿ, ರದ್ದಿಗೆ ಹೋಗುವ ಪುಸ್ತಕಗಳು ಕಪಾಟನ್ನೇ ಏರಿರುವುದಿಲ್ಲ. ಶ್ರೇಷ್ಠ ಗ್ರಂಥಗಳು ಹೇಗೋ ಉಳಿದುಕೊಳ್ಳುತ್ತವೆ. ಮುಧೋಳ ಸೀಮೆಯ ರನ್ನ ಸಾವಿರ ವರ್ಷ ಉಳಿದಿಲ್ಲವೇ? ಮಕ್ಕಳು ಇಷ್ಟಪಟ್ಟು ಓದಿದ ಪುಸ್ತಕಗಳೇ ಮೊದಲು ಸಾಯುತ್ತವೆ.

ಅದಕ್ಕಾಗಿ ನಿಮ್ಮ ಟ್ರಂಕು. ನಮ್ಮ ಪುಸ್ತಕದ ಗುರುತು ಹೇಳುತ್ತೇನೆ: ಅಂಗೈಗಿಂತ ಸ್ವಲ್ಪ ದೊಡ್ಡ ಆಕಾರ, ದಪ್ಪ ಅಕ್ಷರ, ಹಳದಿಗೆ ತಿರುಗಿದ ಒರಟು ಕಾಗದ. ನಮ್ಮ ಪ್ರತಿ 9ನೆಯ ಪುಟದಿಂದ 152ನೆಯ ಪುಟದವರೆಗೆ ಇತ್ತು. ನಡುವೆ ಮೂರು ಚಿತ್ರಗಳು. ಮೊದಲನೆಯದು ಆಗಲೇ ಹೇಳಿದ ಕಡಲದಂಡೆಯ ಗೋಲ, ಕೊನೆಯದರಲ್ಲಿ ಕುಂಬಳಕಾಯಿಯಂತಹ ತಲೆಯ ಚಂದ್ರರಾಜ. ಇಂತಹದೊಂದು ನಿಮ್ಮಲ್ಲಿದ್ದರೆ ಅದನ್ನು ಕೊಡಿರೆಂದು ನಾನು ಕೇಳುತ್ತಿಲ್ಲ. ನಿಮ್ಮ ಅಜ್ಜ ಜೋಪಾನ ಮಾಡಿದ್ದು ನಿಮ್ಮಲ್ಲೇ ಇರಲಿ. ಪುಸ್ತಕ ಮಾರಾಟದಲ್ಲಿ ಇಲ್ಲವಾದರೆ, ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯವು ತನ್ನ ಉಪಯೋಗಕ್ಕೆ ಮೂರು ಪ್ರತಿಗಳವರೆಗೆ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯಿದೆಯಲ್ಲೇ ಅವಕಾಶವಿದೆ. ರೂಪಾಂತರ ಮಾಡಿದವರ ಹಕ್ಕಿಗೂ ಅದರಿಂದ ಕುಂದಿಲ್ಲ. ಅವರ ಹೆಸರು ತಿಳಿದರೆ ಅವರ ಮಕ್ಕಳು ಮೊಮ್ಮಕ್ಕಳನ್ನು ಕಂಡು ನಮಸ್ಕಾರ ಹೇಳಬೇಕೆಂಬ ಆಸೆಯೂ ನನಗಿದೆ.

ಪುಸ್ತಕ ಕಂಡುಬಂದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಇಡೀ ಪುಸ್ತಕ ಇರಬೇಕೆಂದೇನಿಲ್ಲ, 152ರ ನಂತರದ ಎಲೆಗಳಿದ್ದರೂ ಸಾಕು. ನಾನೇ ಬಸ್ಸು ಹತ್ತಿ ನಿಮ್ಮ ಊರಿಗೆ ಬರುತ್ತೇನೆ, ನಿಮ್ಮ ಮನೆಯಲ್ಲೇ ಕುಳಿತು ಕೈಯಿಂದ ನಕಲು ಮಾಡಿಕೊಂಡು ಸಂಜೆಯ ಬಸ್ಸಿಗೆ ಮುಧೋಳಕ್ಕೆ ಹೋಗುತ್ತೇನೆ.